ತಿಪ್ಪೆಯಿಂದಲೂ ಗದ್ದೆಯಿಂದಲೂ ಹಾರಿಹೋಗುವ ವಾಯುಗಳು

ಆವನಿಯ ಶಿವರಾತ್ರಿ ಜಾತ್ರೆಯಲ್ಲಿ ಎತ್ತು ಕೊಳ್ಳುವ ಗೃಹಸ್ಥರು ಅವುಗಳ ಹಲ್ಲು, ಸುಳಿ, ನಡಿಗೆಗಳನ್ನು ಬಹು ಎಚ್ಚರದಿಂದ ಪರೀಕ್ಷಿಸುವರು. ಮನೆಗೆ ಬಂದ ಮೇಲೆ ಆ ಎತ್ತಿನ ಸಗಣಿ ಗಂಜಲಗಳು ಏನಾಗುತ್ತಿವೆಯೆಂದು ಅಷ್ಟೇ ಎಚ್ಚರದಿಂದ ವಿಚಾರಿಸುವವರು ವಿರಳ. ಈ ಸೀಮೆಯಲ್ಲಿ ಸೀಮೆಹಸುಗಳ ಹಾಲು ಅನೇಕ ಕುಟುಂಬಗಳಿಗೆ ಜೀವನಾಧಾರವಾಗಿರುವುದರಿಂದ ಈ ವಿಚಾರವು ಮತ್ತಷ್ಟು ಮುಖ್ಯವಾದುದು.

ಭೂಮಂಡಲದ ಹವೆಯು ಬಿಸಿಯೇರುತ್ತಿರುವುದಕ್ಕೆ ಕಲ್ಲಿದ್ದಲು ಮತ್ತು ಎಣ್ಣೆಗಳ ದಹನವೇ ಪ್ರಧಾನ ಕಾರಣವಾದರೂ ಬೇಸಾಯದ ಪಾಲೂ ಅದರಲ್ಲಿ ಉಂಟು. ಗಾಳಿಯಾಡದೆ ಕೊಳೆಯುವ ಸಗಣಿ, ನೀರು ನಿಂತ ಗದ್ದೆ, ಮೆಲುಕುಹಾಕುವ ದನದ ಹೊಟ್ಟೆ, ಇವುಗಳಿಂದ ಮೀಥೇನ್ ಎಂಬ ವಾಯು ಹೊರಡುವುದು. ಸಾರಜನಕದ ಗೊಬ್ಬರಗಳಿಂದ ನೈಟ್ರಸ್ ಆಕ್ಸೈಡ್ ಹೊರಡುವುದು. ನೂರು ವರ್ಷಗಳ ಅವಧಿಯಲ್ಲಿ ತೂಕಕ್ಕೆ ತೂಕ ಹೋಲಿಸಿದರೆ, ಮೊದಲನೆಯದು ಇಂಗಾಲಾಮ್ಲವಾಯುವಿನ ಸುಮಾರು 27ರಷ್ಟು, ಎರಡನೆಯದು ಸುಮಾರು 270ರಷ್ಟು ಶಾಖವನ್ನು ಹಿಡಿದಿಡತಕ್ಕವು.

ತಿಪ್ಪೆಯ ಬಳಿ ಮೂಗಿಗೆ ಹೊಡೆಯುವ ಘಾಟು ಹೊಲವನ್ನು ಸೇರಬೇಕಾಗಿದ್ದ ಸಾರಜನಕವೇ ಆಗಿದೆ. ಅದನ್ನು ಗಾಳಿಗೆ ಬಿಟ್ಟು, ಅಂಗಡಿಯಿಂದ ಯೂರಿಯಾ ಮೂಟೆಯನ್ನು ತರುವುದು ಯಾವ ಲೆಕ್ಕದಲ್ಲಿಯೂ ಲಾಭಕರವಲ್ಲ. ಆದಕಾರಣ ಕೊಟ್ಟಿಗೆಯಲ್ಲಿ ಒಣಮಣ್ಣನ್ನೂ ಕಸಕಡ್ಡಿಯನ್ನೂ ಹರಡಿ ಗಂಜಲವನ್ನು ಹೀರಿಸತಕ್ಕದ್ದು. ತಿಪ್ಪೆಯು ನೆರಳಿನಲ್ಲಿ, ಮಳೆನೀರು ನುಗ್ಗದ ಎತ್ತರದ ಸ್ಥಳದಲ್ಲಿರಬೇಕು. ಸಗಣಿಯೊಂದಿಗೆ ಹುಲ್ಲು, ಹೊಂಗೆಸೊಪ್ಪುಗಳನ್ನು ಪದರಪದರವಾಗಿ ಹಾಕಿ, ಮೇಲೆ ತೆಳುವಾಗಿ ಮಣ್ಣು ಮುಚ್ಚಿದರೆ ಒಳಗೆ ಗಾಳಿಯೂ ಆಡುವುದು, ಸಾರವೂ ಉಳಿಯುವುದು.

ನಾಲ್ಕೈದು ದನಗಳುಳ್ಳವರಿಗೆ ಗೋಬರ್ ಗ್ಯಾಸ್ ಇನ್ನೂ ಉತ್ತಮ. 2 ಘನಮೀಟರಿನ ಗುಂಡಿಗೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಸಾಕು. ಮೀಥೇನ್ ಒಲೆಯಲ್ಲಿ ಉರಿದುಹೋಗುವುದು. ಬಗ್ಗಡವು ಹೊಲಕ್ಕೆ ಬರುವುದು. ಆದರೆ ಗುಂಡಿಯನ್ನು ಕಟ್ಟಿಸಿ ಕೈಬಿಡುವವರಿಗೆ ಈ ಸಲಹೆಯಲ್ಲ. ಬಿರುಕುಬಿಟ್ಟು ಸೋರುವ ಗುಂಡಿಗಿಂತ ಒಳ್ಳೆಯ ತಿಪ್ಪೆಯೇ ಲೇಸು.

ಮಳೆಯಾಶ್ರಯದ ರಾಗಿಗೆ ಎಕರೆಗೆ 20 ಕಿಲೋ ಸಾರಜನಕವೆಂಬುದು ವಾಡಿಕೆಯ ಶಿಫಾರಸು. ಯೂರಿಯಾದ 45 ಕಿಲೋ ಮೂಟೆಯೊಂದರಲ್ಲಿಯೇ ಇಷ್ಟು ಇರುವುದು. ಡಿಎಪಿಯನ್ನೂ ಹಾಕುವವರು ಅದರಲ್ಲಿರುವ ಸಾರಜನಕವನ್ನು ಈ ಲೆಕ್ಕದಿಂದ ಕಳೆಯತಕ್ಕದ್ದು. ಅರ್ಧವನ್ನು ಬಿತ್ತನೆಯಲ್ಲಿಯೂ, ಉಳಿದುದನ್ನು ಒಂದು ತಿಂಗಳೊಳಗೆ ನೆಲದಲ್ಲಿ ಹಸಿಯಿರುವಾಗಲೂ ಕೊಡಬೇಕು. ಟೊಮೆಟೊ ಬೆಳೆಯುವವರು ಧಾರಣೆಯ ಆಸೆಯಿಂದ ಮೂಟೆಯ ಮೇಲೆ ಮೂಟೆ ಸುರಿಯದೆ, ಮಣ್ಣು ಪರೀಕ್ಷೆಯನ್ನು ಮಾಡಿಸಿ ಅದರಂತೆ ನಡೆಯುವುದು ಯುಕ್ತ.

ರಾಗಿಯ ಹೊಲದಲ್ಲಿ ನೀರು ನಿಲ್ಲುವುದಿಲ್ಲವಾದ್ದರಿಂದ ಮೀಥೇನಿನ ಚಿಂತೆಯೂ ಇಲ್ಲ. ನಮ್ಮ ಪೂರ್ವಿಕರ ಈ ಧಾನ್ಯಕ್ಕೆ ಇದೊಂದು ಹಿರಿಮೆ. ಕೆರೆಯ ಅಚ್ಚುಕಟ್ಟಿನ ಭತ್ತದ ವಿಷಯ ಬೇರೆ. ನಾಟಿ ಬೇರೂರಿದ ಮೇಲೆ ಗದ್ದೆಯಲ್ಲಿ ತೂತುಕೊಳವೆಯೊಂದನ್ನು ಹೂಳಿ, ಅದರಲ್ಲಿ ನೀರು ನೆಲಮಟ್ಟಕ್ಕಿಂತ 15 ಸೆಂಟಿಮೀಟರ್ ಇಳಿದಾಗ ಮಾತ್ರ ಮತ್ತೆ ಹಾಯಿಸಿದರೆ, ಮೀಥೇನ್ ಅರ್ಧದಷ್ಟು ತಗ್ಗುವುದೂ ಉಂಟು. ನೀರಿನ ಉಳಿತಾಯ ಪ್ರತ್ಯೇಕ. ತೆನೆ ಹೊರಡುವ ಕಾಲದಲ್ಲಿ ಮಾತ್ರ ನೀರು ತಪ್ಪಕೂಡದು. ಒಂದೇ ತೂಬಿನ ಕೆಳಗೆ ಒಬ್ಬನು ಬತ್ತಿಸುತ್ತಿರಲು ಮೇಲಿನವನು ಕಟ್ಟೆ ಒಡೆದು ಬಿಟ್ಟರೆ ಪ್ರಯೋಜನವಿಲ್ಲ. ಆದುದರಿಂದ ಗ್ರಾಮದ ಮುಖಂಡರು ನಾಟಿಗೆ ಮುಂಚೆಯೇ ಅಚ್ಚುಕಟ್ಟಿನವರನ್ನು ಸೇರಿಸಿ ನೀರಿನ ಸರದಿಯನ್ನು ಗೊತ್ತುಮಾಡಿ, ಅದನ್ನು ನೀರಗಂಟಿಗೆ ತಿಳಿಸತಕ್ಕದ್ದು.