ಬೇವಿನ ಕೆಳಗಿನ ಕಾರು, ಬಯಲಿನ ಕಾರು

ಕಾರಿನ ಹೆಡ್‌ಲೈಟ್ ಮಬ್ಬಾಗುವುದು ಮೇಲಿನಿಂದ. ಬಾನೆಟ್ಟಿನ ಅಂಚಿಗೆ ತಾಗಿ ಆಕಾಶದತ್ತ ವಾಲಿದ ಭಾಗ ಮೊದಲು ಹಳದಿಗೆ ತಿರುಗುತ್ತದೆ. ಬಂಪರ್ ಹತ್ತಿರದ ಕೆಳತುದಿ ಎಷ್ಟೋ ಕಾಲ ತಿಳಿಯಾಗಿಯೇ ಉಳಿಯುತ್ತದೆ. ರಾಯಚೂರಿನಲ್ಲಿ ಸಾಲಾಗಿ ನಿಂತ ಕಾರುಗಳ ಮುಂದೆ ಹಾಯುವಾಗ ನಾನು ನೋಡುವುದು ಇದನ್ನೇ. ದೂಳೇ ಕಾರಣವಾಗಿದ್ದರೆ ರಸ್ತೆಗೆ ಹತ್ತಿರವಿರುವ ಕೆಳಭಾಗ ಮೊದಲು ಕೆಡಬೇಕಿತ್ತು. ಕೆಡಿಸುವುದು ಬಿಸಿಲು.

ಊರು ಇರುವುದು 16 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ಮೇ ಮೊದಲ ವಾರದ ಸುಮಾರಿಗೆ ಒಮ್ಮೆ, ಆಗಸ್ಟಿನಲ್ಲಿ ಇನ್ನೊಮ್ಮೆ ಸೂರ್ಯ ನಡುಹಗಲು ನೆತ್ತಿಯ ಮೇಲೇ ಬರುತ್ತಾನೆ. ಆಗಸ್ಟಿನಲ್ಲಿ ಮೋಡವಾದರೂ ಅಡ್ಡ ಬಂದೀತು, ಮೇ ತಿಂಗಳಲ್ಲಿ ಕೇಳುವವರಿಲ್ಲ. ಡಿಸೆಂಬರಿನಲ್ಲಿ ಬಿಸಿಲು ದಕ್ಷಿಣಕ್ಕೆ ವಾಲಿ, ಆ ಕಡೆ ಮುಖ ಮಾಡಿ ನಿಂತ ಕಾರಿನ ದೀಪಕ್ಕೆ ನೇರವಾಗಿ ಬಡಿಯುತ್ತದೆ. ಒಂದು ದೀಪ ಹಳದಿ, ಇನ್ನೊಂದು ತಿಳಿ ಇದ್ದರೆ ಮಾಲೀಕರ ಮನೆಯ ಗೋಡೆ ಯಾವ ಪಕ್ಕಕ್ಕಿದೆ ಎಂದು ಊಹಿಸಬಹುದು. ಅಥವಾ ಆ ಕಾರು ಎಲ್ಲೋ ಗುದ್ದಿಸಿಕೊಂಡು ಒಂದೇ ದೀಪ ಹೊಸದು ಹಾಕಿಸಿಕೊಂಡಿದೆ!

ಹಳೆಯ ಅಂಬಾಸಿಡರ್‌ಗೆ ಈ ರೋಗವಿಲ್ಲ. ಮೈಯೆಲ್ಲ ತುಕ್ಕು ಹಿಡಿದಿದ್ದರೂ ಅದರ ದೀಪದ ಗಾಜು ಗಾಜೇ. ಈಗಿನದು ಪಾಲಿಕಾರ್ಬೊನೇಟ್, 1953ರಲ್ಲಿ ಜರ್ಮನಿಯ ಬೇಯರ್ ಕಂಪನಿಯ ಹರ್ಮನ್ ಶ್ನೆಲ್ ಕಂಡುಹಿಡಿದ ಪ್ಲಾಸ್ಟಿಕ್. ಕಲ್ಲು ಬಡಿದರೂ ಒಡೆಯದು, ಆದರೆ ನೇರಳಾತೀತ ಕಿರಣ ತಡೆಯದು. ಅದಕ್ಕೇ ಕಾರ್ಖಾನೆಯಲ್ಲೇ ಮೇಲೊಂದು ತೆಳುವಾದ ಗಟ್ಟಿ ಲೇಪ ಕೊಟ್ಟಿರುತ್ತಾರೆ. ಬಿಸಿಲಿಗೆ ಮೊದಲು ಸಾಯುವುದು ಆ ಲೇಪ. ಅದರಲ್ಲಿ ಕಣ್ಣಿಗೆ ಕಾಣದ ಬಿರುಕು ಬಿಟ್ಟು, ಬೆಳಕು ರಸ್ತೆಗೆ ಬೀಳುವ ಬದಲು ಚೆದುರಿ ಎದುರು ಬರುವವನ ಕಣ್ಣಿಗೆ ಹೊಡೆಯುತ್ತದೆ.

ದೇವದುರ್ಗದ ಕಡೆಯ ಮಬ್ಬು ತುಸು ಬೇರೆ. ಕೃಷ್ಣೆಯ ಮರಳು ಹೊತ್ತ ಟಿಪ್ಪರ್‌ಗಳ ಹಿಂದೆ ಓಡಿದ ಕಾರಿನ ದೀಪದಲ್ಲಿ ಹಳದಿಯ ಜೊತೆಗೆ ಚುಕ್ಕೆಚುಕ್ಕೆ ಗುಳಿಗಳು. ಉಗುರು ಆಡಿಸಿದರೆ ತರಿತರಿ. ಮಾನ್ವಿಯಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆಯಲ್ಲಿ, ಹುಳದ ಕಾಟ. ತೆನೆ ಬಲಿಯುವ ಅಕ್ಟೋಬರ್, ನವೆಂಬರ್ ರಾತ್ರಿಗಳಲ್ಲಿ ಕಂದು ಜಿಗಿಹುಳು ಬೆಳಕಿಗೆ ಮುತ್ತುತ್ತದೆ. ಬೆಳಗ್ಗೆ ನೋಡಿದರೆ ರೆಕ್ಕೆ, ಕಾಲು, ಹೊಟ್ಟೆಯ ರಸ ಎಲ್ಲ ಒಣಗಿ ದೀಪಕ್ಕೆ ಅಂಟಿರುತ್ತದೆ. ಹುಳುವಿಗಿಂತ ಹೆಚ್ಚು ಹಾನಿ ಮಾಡುವುದು ಅದನ್ನು ಒಣಬಟ್ಟೆಯಲ್ಲಿ ಗಸಗಸ ಉಜ್ಜುವ ಕೈ. ಶಕ್ತಿನಗರದ ಶಾಖೋತ್ಪನ್ನ ಸ್ಥಾವರದ ಹಾರುಬೂದಿಗೂ ಇದೇ ಮಾತು. ಮುಟ್ಟಲು ಹಿಟ್ಟಿನಷ್ಟು ನುಣುಪು, ಆದರೆ ಬಹುಪಾಲು ಸಿಲಿಕಾ; ಪ್ಲಾಸ್ಟಿಕ್ಕಿಗಿಂತ ಗಟ್ಟಿ. ಮೊದಲು ನೀರು, ಆಮೇಲೆ ಬಟ್ಟೆ.

ಮಬ್ಬು ತೆಗೆಯುವುದನ್ನು ಹತ್ತಿರ ಕುಳಿತು ನೋಡಬೇಕು. ಸೋಪಿನಲ್ಲಿ ತೊಳೆದು, ಸುತ್ತಲಿನ ಪೇಂಟಿಗೆ ಟೇಪ್ ಅಂಟಿಸಿ, ನೀರಲ್ಲಿ ನೆನೆದ 800 ಅಥವಾ 1000 ನಂಬರಿನ ವಾಟರ್ ಪೇಪರ್ ಹಿಡಿದು ತಿಕ್ಕುತ್ತಾರೆ. ಮೊದಲು ಇಳಿಯುವ ನೀರು ಹಳದಿ. ಅದು ಸತ್ತ ಲೇಪ. ತಿಕ್ಕುತ್ತ ಹೋದಂತೆ ನೀರು ಹಾಲುಬಿಳುಪಾಗುತ್ತದೆ. “ಬಿಳಿ ನೀರು ಬರೋತನ ಬಿಡಬಾರದ್ರಿ ಸರ, ನಡುವ ಬಿಟ್ರ ತೇಪಿ ಹಚ್ಚಿದಂಗ ಕಾಣ್ತದ” ಎಂದರು ಒಬ್ಬ ಮಿಸ್ತ್ರಿ. ಈ ಹಂತದಲ್ಲಿ ದೀಪ ಮೊದಲಿಗಿಂತಲೂ ಕುರುಡು. ಗಿರಾಕಿಯ ಮುಖ ಸಪ್ಪಗಾಗುತ್ತದೆ. ಆಮೇಲೆ 1500, 2000, 3000. ಪ್ರತಿ ಸಲವೂ ಹಿಂದಿನ ಗೀರಿಗೆ ಅಡ್ಡಲಾಗಿ, ಹಳೆಯ ಗೀರು ಉಳಿಯಿತೋ ಅಳಿಯಿತೋ ಗೊತ್ತಾಗಲೆಂದು. ಕೊನೆಗೆ ರಬ್ಬಿಂಗ್ ಕಾಂಪೌಂಡ್. ಮಷೀನನ್ನು ಒಂದೇ ಕಡೆ ಒತ್ತಿ ಹಿಡಿದರೆ ಕಾವಿಗೆ ಪ್ಲಾಸ್ಟಿಕ್ ಮೆತ್ತಗಾಗುತ್ತದೆ.

ಟೂತ್‌ಪೇಸ್ಟಿನ ಮಹಿಮೆ ಎಲ್ಲರೂ ಹೇಳುತ್ತಾರೆ. ಅದೂ ಸಣ್ಣ ಪುಡಿಯಿಂದ ತಿಕ್ಕುವುದೇ. ಹೊಳಪು ಕೆಲ ವಾರದ್ದು. ಚೆನ್ನಾಗಿ ತಿಕ್ಕಿದ ದೀಪಕ್ಕೆ ಅದಕ್ಕಿಂತ ದೊಡ್ಡ ತೊಂದರೆಯಿದೆ. ಈಗ ಅದರ ಮೇಲೆ ಲೇಪವೇ ಇಲ್ಲ, ಬೆತ್ತಲೆ ಪ್ಲಾಸ್ಟಿಕ್. ನೇರಳಾತೀತ ತಡೆಯುವ ಕ್ಲಿಯರ್ ಕೋಟ್ ಹೊಡೆಸದಿದ್ದರೆ ಹೊಸದರಲ್ಲಿ ತಡೆದಷ್ಟು ಕಾಲ ಅದು ತಡೆಯದು. ಮೇಣ ಸವರಿ ಕಳಿಸುವವರೇ ಹೆಚ್ಚು, ಕೇಳಿ ಹೊಡೆಸಬೇಕು.

ಬೇವಿನ ಕೆಳಗೆ ನಿಲ್ಲುವ ಕಾರಿನ ಬಾನೆಟ್ಟು ಹಕ್ಕಿಯ ಹಿಕ್ಕೆಯಿಂದ ಕೆಟ್ಟಿರುತ್ತದೆ, ದೀಪ ಉಳಿದಿರುತ್ತದೆ. ಒಂದನ್ನು ಆರಿಸು ಎಂದರೆ ನನ್ನ ಓಟು ಹಕ್ಕಿಗೇ. ಇನ್ನು ದೀಪದ ಒಳಗೆ ಹನಿ ಕಟ್ಟಿದ್ದರೆ ಹೊರಗಿನಿಂದ ಎಷ್ಟು ತಿಕ್ಕಿದರೂ ದಂಡ. ಸೀಲು ಹೋಗಿದೆ, ಬಿಚ್ಚಲೇಬೇಕು.