ಮುರಿದ ರೆಕ್ಕೆಗೂ ಒಂದು ಹೆಸರಿದೆ

1942ರ ಜೂನ್ 20, ಬೆಳಗಿನ ಐದೂವರೆಯ ಸುಮಾರು. ಲಿಬಿಯಾದ ಟೊಬ್ರುಕ್ ಬಂದರಿನ ಆಗ್ನೇಯ ಅಂಚಿನ ಮೇಲೆ ಜರ್ಮನ್ ವಿಮಾನಗಳು ಮೂತಿ ಕೆಳಗೆ ಮಾಡಿ ಒಂದರ ಹಿಂದೊಂದು ಎರಗಿದವು. ಆ ಅಂಚನ್ನು ಕಾಯುತ್ತಿದ್ದದ್ದು ಮರಾಠಾ ಲಘು ಪದಾತಿ ದಳದ ಎರಡನೇ ಬೆಟಾಲಿಯನ್. ಆ ದಳದ ತರಬೇತಿ ಕೇಂದ್ರ ಇರುವುದು ನಮ್ಮ ಬೆಳಗಾವಿಯಲ್ಲಿ. ಮರುದಿನ ಟೊಬ್ರುಕ್ ಶರಣಾಯಿತು. ಸುಮಾರು 33,000 ಸೈನಿಕರು ಸೆರೆಯಾದರು.

ವರ್ಷ ತುಂಬುವ ಮೊದಲೇ, 1943ರ ಏಪ್ರಿಲ್ 1ರಂದು, ವರದಾ ನದಿ ದಂಡೆಯ ಹೊಸರಿತ್ತಿಯಲ್ಲಿ ಕಂದಾಯದ ಹಣವಿಟ್ಟಿದ್ದ ವೀರಭದ್ರ ದೇವಸ್ಥಾನಕ್ಕೆ ನುಗ್ಗಿದ ಸ್ವಾತಂತ್ರ್ಯ ಹೋರಾಟಗಾರರಾದ ಮೈಲಾರ ಮಹಾದೇವಪ್ಪ, ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ ಪೊಲೀಸರ ಗುಂಡಿಗೆ ಹುತಾತ್ಮರಾದರು. ಅದೇ ಯುದ್ಧದ ಕಾಲ, ಅದೇ ಬ್ರಿಟಿಷ್ ಸರ್ಕಾರ. ಕೆಲವರು ಅದರ ಸಮವಸ್ತ್ರ ತೊಟ್ಟು ಮರುಭೂಮಿಯಲ್ಲಿ ಕಾದಿದರು, ಕೆಲವರು ಅದರ ವಿರುದ್ಧ ಇಲ್ಲಿ ಎದೆಯೊಡ್ಡಿದರು.

ಆ ಕಾಲದ ಫೋಟೊಗಳು ಇವತ್ತಿಗೂ ಹಳೆಯ ಟ್ರಂಕುಗಳಿಂದ, ಗುಜರಿ ಅಂಗಡಿಗಳಿಂದ, ವಿದೇಶದ ಹರಾಜುಗಳಿಂದ ಹೊರಬರುತ್ತಲೇ ಇವೆ. ಯುರೋಪಿನ ಸೈನಿಕರಲ್ಲಿ ಬಹಳ ಮಂದಿ ಸ್ವಂತ ಕ್ಯಾಮೆರಾ ಇಟ್ಟುಕೊಂಡಿದ್ದರು. ಕೆಳಗೆ ಬಿದ್ದ ವಿಮಾನ ಕಂಡರೆ ಸಾಕು, ಅದರ ಮೇಲೆ ಹತ್ತಿ ನಿಂತು ಪಟ ತೆಗೆಸಿಕೊಳ್ಳುತ್ತಿದ್ದರು. ಹಿಂಬದಿಯಲ್ಲಿ ಬರಹವಿಲ್ಲದ, ಊರು ತಾರೀಕು ಗೊತ್ತಿಲ್ಲದ ಇಂಥ ಪಟ ನೋಡಿ, ‘ಇದು ಇಂಥ ತುಕಡಿಯ ಇಂಥ ವಿಮಾನ’ ಎಂದು ಹೇಳುವ ಒಂದು ವಿದ್ಯೆ ಇದೆ. ಇತಿಹಾಸಕಾರರು, ವಸ್ತುಸಂಗ್ರಹಾಲಯದವರು, ಮಾದರಿ ವಿಮಾನ ಕಟ್ಟುವವರು, ಸತ್ತವರ ಮನೆಮಂದಿ ಸೇರಿ ಅದನ್ನು ಬೆಳೆಸಿದ್ದಾರೆ. ಟೊಬ್ರುಕ್ ಮೇಲೆ ಎರಗಿದ್ದ, ಸ್ಟೂಕಾ ಎಂದು ಹೆಸರಾದ ಯುಂಕರ್ಸ್ ಜೂ-87 ಡೈವ್ ಬಾಂಬರ್ ಅದನ್ನು ಕಲಿಯಲು ಒಳ್ಳೆಯ ಪಾಠ.

ಮೊದಲು ತಳಿ, ಆಮೇಲೆ ಸುಳಿ

ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಮೊದಲು ತಳಿ ನೋಡುತ್ತಾನೆ, ಆಮೇಲೆ ಕೊಂಬು, ಕಾಲು, ಕೊನೆಗೆ ಸುಳಿ. ಇಲ್ಲಿಯೂ ಕ್ರಮ ಅದೇ. ಅಕ್ಷರಗಳನ್ನು ಓದುವ ಆತುರ ಬೇಡ, ಮೊದಲು ಮೈಕಟ್ಟು ನೋಡಬೇಕು.

1935ರ ಸೆಪ್ಟೆಂಬರ್‌ನಲ್ಲಿ ಮೊದಲ ಸಲ ಹಾರಿದ ಸ್ಟೂಕಾದ ವಿನ್ಯಾಸಕ ಹರ್ಮನ್ ಪೋಲ್ಮನ್. ಅದರ ರೆಕ್ಕೆ ಒಡಲಿನಿಂದ ಮೊದಲು ಕೆಳಕ್ಕಿಳಿದು, ಚಕ್ರದ ಕಾಲಿನ ಹತ್ತಿರದಿಂದ ಮತ್ತೆ ಮೇಲಕ್ಕೇರುತ್ತದೆ. ಚಕ್ರಗಳು ಹಾರುವಾಗಲೂ ಒಳಗೆ ಮಡಚಿಕೊಳ್ಳುವುದಿಲ್ಲ. ಉದ್ದನೆಯ ಗಾಜಿನ ಗೂಡಿನಲ್ಲಿ ಇಬ್ಬರು: ಮುಂದೆ ಪೈಲಟ್, ಅವನಿಗೆ ಬೆನ್ನು ಕೊಟ್ಟು ಹಿಂದಕ್ಕೆ ಮುಖ ಮಾಡಿ ಬಂದೂಕುದಾರ. ರೆಕ್ಕೆಯಡಿ ವೇಗ ತಡೆಯುವ ಪಟ್ಟಿಗಳು. ಕೆಲವಕ್ಕೆ ಚಕ್ರದ ಕಾಲಿನ ಮುಂದೆ ಚಿಕ್ಕ ಪಂಖ. ಎರಗುವಾಗ ಗಾಳಿಗೆ ತಿರುಗಿ, ಕೆಳಗಿದ್ದವರ ಎದೆ ನಡುಗಿಸುತ್ತಿದ್ದ ಸೈರನ್ ಅದು. ವಿಮಾನ ಎಷ್ಟೇ ಜಜ್ಜಿಹೋಗಿದ್ದರೂ ಇವುಗಳಲ್ಲಿ ಒಂದೆರಡು ಸಾಮಾನ್ಯವಾಗಿ ಉಳಿದಿರುತ್ತವೆ.

ತಳಿ ಗೊತ್ತಾದ ಮೇಲೆ ಮಾದರಿ. ಆರಂಭದ ಎ ಮಾದರಿಗೆ ಚಕ್ರದ ಕಾಲಿನುದ್ದಕ್ಕೂ ದೊಡ್ಡ ಹೊದಿಕೆ. ಬಿ ಮಾದರಿಯಲ್ಲಿ ಅದು ಸಣ್ಣದಾಯಿತು. ಮೂತಿಯ ಕೆಳಗೆ ದಪ್ಪ ರೇಡಿಯೇಟರ್, ಎಂಜಿನ್ನಿನ ನೆತ್ತಿಯ ಮೇಲೆ ಎಣ್ಣೆ ತಂಪು ಮಾಡುವ ಯಂತ್ರದ ಬಾಯಿ. ಡಿ ಮಾದರಿಯಲ್ಲಿ ಮೂತಿ ನುಣುಪಾಯಿತು: ರೇಡಿಯೇಟರ್‌ಗಳು ರೆಕ್ಕೆಯಡಿಗೆ ಹೋದವು, ಎಣ್ಣೆಯ ಕೂಲರ್ ಮೂತಿಯಡಿಗೆ ಇಳಿಯಿತು, ಹಿಂದಿನ ಒಂಟಿ ಬಂದೂಕು ಜೋಡಿಯಾಯಿತು. ಡಿ-5ರಲ್ಲಿ ರೆಕ್ಕೆಗಳ ಹರವು 13.8 ಮೀಟರಿನಿಂದ 15 ಮೀಟರಿಗೆ ಬೆಳೆಯಿತು. ಜಿ ಮಾದರಿಯ ರೆಕ್ಕೆಯಡಿ ಟ್ಯಾಂಕ್ ಒಡೆಯುವ 37 ಮಿಲಿಮೀಟರಿನ ಎರಡು ತೋಪು.

ಈ ವಿವರಗಳು ಸುಳ್ಳನ್ನು ಹಿಡಿಯುತ್ತವೆ. ‘ಫ್ರಾನ್ಸ್, 1940’ ಎಂದು ಬರೆದಿರುವ ಪಟದಲ್ಲಿ ಡಿ ಮಾದರಿಯ ನುಣುಪು ಮೂತಿ ಕಂಡರೆ ಬರಹ ತಪ್ಪು. ಏಕೆಂದರೆ ಆ ಮಾದರಿ ರಣರಂಗಕ್ಕೆ ಬಂದದ್ದು 1942ರ ಆರಂಭದ ಹೊತ್ತಿಗೆ. ಹಿಂಬದಿಯ ಬರಹವನ್ನು ಗೌರವಿಸಬೇಕು, ಆದರೆ ಲೋಹದ ಸಾಕ್ಷಿಯ ಮುಂದೆ ಅದನ್ನು ಒರೆಗೆ ಹಚ್ಚಲೇಬೇಕು.

ಅಕ್ಷರ ಹೇಳುವ ವಿಳಾಸ

ಒಡಲಿನ ಮೇಲಿನ ಶಿಲುಬೆಯ ಎಡಕ್ಕೆ ಎರಡು, ಬಲಕ್ಕೆ ಎರಡು ಗುರುತು. ಮೊದಲ ಎರಡು ದೊಡ್ಡ ದಳವನ್ನು ಹೇಳುತ್ತವೆ: ಎ5 ಎಂದರೆ ಒಂದನೇ ಸ್ಟೂಕಾ ದಳ, ಟಿ6 ಎರಡನೆಯದು, ಎಸ್7 ಮೂರನೆಯದು, ಎಸ್2 ಎಪ್ಪತ್ತೇಳನೆಯದು. ಮೂರನೇ ಅಕ್ಷರ ಆ ಒಂದು ವಿಮಾನದ್ದೇ. ನಾಲ್ಕನೆಯದು ತುಕಡಿಯದು: ಎಚ್ ಎಂದರೆ ಒಂದನೇ ತುಕಡಿ, ಕೆ ಎರಡನೆಯದು, ಎಲ್ ಮೂರನೆಯದು.

ಅಮೆರಿಕದ ಷಿಕಾಗೊ ನಗರದ ವಿಜ್ಞಾನ ಮತ್ತು ಕೈಗಾರಿಕಾ ವಸ್ತುಸಂಗ್ರಹಾಲಯದಲ್ಲಿ ತೂಗುಹಾಕಿರುವ ಸ್ಟೂಕಾದ ಗುರುತು ಎ5+ಎಚ್‌ಎಲ್. ಅಂದರೆ ಒಂದನೇ ದಳ, ‘ಎಚ್’ ಹೆಸರಿನ ವಿಮಾನ, ಮೂರನೇ ತುಕಡಿ. ಲಿಬಿಯಾದಲ್ಲಿ ಜರ್ಮನ್ನರು ಬಿಟ್ಟುಹೋದ ಇದನ್ನು ಬ್ರಿಟಿಷರು 1941ರಲ್ಲಿ ವಶಪಡಿಸಿಕೊಂಡರು. ಇದರ ಕಾರ್ಖಾನೆ ಸಂಖ್ಯೆ 5954. ಅಕ್ಷರಗಳು ದಳ ಬದಲಾದಂತೆ ಬದಲಾಗುತ್ತವೆ, ಕಾರ್ಖಾನೆ ಸಂಖ್ಯೆ ಮಾತ್ರ ಯಂತ್ರದ ಹುಟ್ಟಿನಿಂದ ಸಾವಿನವರೆಗೂ ಅದೇ. ಐದೂವರೆ ಸಾವಿರಕ್ಕೂ ಹೆಚ್ಚು ಸ್ಟೂಕಾಗಳು ತಯಾರಾದವು. ಇಡಿಯಾಗಿ ಉಳಿದದ್ದು ಎರಡೇ: ಷಿಕಾಗೊದ್ದು ಮತ್ತು ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ವಸ್ತುಸಂಗ್ರಹಾಲಯದ್ದು. ಉಳಿದವುಗಳಿಗೆ ಫೋಟೊಗಳೇ ಆಸರೆ.

ಬಣ್ಣದ ವಿಷಯದಲ್ಲಿ ಮೈಯೆಲ್ಲ ಕಣ್ಣಾಗಿರಬೇಕು. ವಿಮಾನದ ಸ್ವಂತ ಅಕ್ಷರವನ್ನು ಸಾಮಾನ್ಯವಾಗಿ ತುಕಡಿಯ ಬಣ್ಣದಲ್ಲಿ ಬರೆಯುತ್ತಿದ್ದರು: ಒಂದನೆಯದಕ್ಕೆ ಬಿಳಿ, ಎರಡನೆಯದಕ್ಕೆ ಕೆಂಪು, ಮೂರನೆಯದಕ್ಕೆ ಹಳದಿ. ಒಡಲಿನ ಸುತ್ತಲಿನ ಬಿಳಿ ಪಟ್ಟಿ ಮೆಡಿಟರೇನಿಯನ್ ರಣರಂಗದ್ದು, ಹಳದಿ ಪಟ್ಟಿ ರಷ್ಯಾ ಕಡೆಯದು. ಆದರೆ ಆ ಕಾಲದ ಕೆಲವು ಕಪ್ಪು-ಬಿಳುಪು ಫಿಲ್ಮುಗಳಿಗೆ ಕೆಂಪು ಬೆಳಕು ತಾಗುತ್ತಲೇ ಇರಲಿಲ್ಲ. ಅಂಥ ಪಟದಲ್ಲಿ ಕೆಂಪು ಕಪ್ಪಾಗುತ್ತದೆ, ಹಳದಿ ಮಂಕಾಗುತ್ತದೆ, ನೀಲಿ ಬೆಳ್ಳಗಾಗುತ್ತದೆ. ಆದ್ದರಿಂದ ಅನುಭವಿಗಳು ನಾಲ್ಕನೇ ಅಕ್ಷರ ಓದದೆ ಬಣ್ಣ ಹೇಳುವುದಿಲ್ಲ. ನೆಗೆಟಿವ್ ತಿರುಗಿಸಿ ಮುದ್ರಿಸಿದ್ದರೆ ಎಡ ಬಲವಾಗಿರುತ್ತದೆ; ಅಂಗಿಯ ಗುಂಡಿ ಯಾವ ಕಡೆಗಿದೆ ಎಂದು ನೋಡಿಯೂ ಅದನ್ನು ಪತ್ತೆ ಮಾಡಬಹುದು. ಬಾಲದ ಮೇಲೆ ದೊಡ್ಡ ಬಿಳಿ ಶಿಲುಬೆ ಇದ್ದರೆ ಆ ಸ್ಟೂಕಾ ಜರ್ಮನ್ನರದ್ದಲ್ಲ, ಇಟಲಿಯ ವಾಯುಪಡೆಯದು.

ಗಾಯವೂ ಮಾತಾಡುತ್ತದೆ

ವಿಮಾನಕ್ಕೆ ಏನಾಯಿತು ಎಂಬುದನ್ನು ಗಾಯಗಳಿಂದ ತಿಳಿಯಬೇಕು. ಎಂಜಿನ್ ತಿರುಗುತ್ತಿರುವಾಗಲೇ ನೆಲಕ್ಕೆ ತಾಗಿದರೆ ಪ್ರೊಪೆಲರಿನ ಲೋಹದ ಅಲಗುಗಳೆಲ್ಲ ಬಾಗುತ್ತವೆ. ಎಂಜಿನ್ ನಿಂತ ಮೇಲೆ ತಾಗಿದ್ದರೆ ಕೆಳಗಿದ್ದ ಅಲಗು ಮಾತ್ರ ಬಾಗುತ್ತದೆ. ಮರದ ಅಲಗಾದರೆ ಸೀಳಿ, ಬುಡ ಮಾತ್ರ ಉಳಿಯುತ್ತದೆ. ರೆಕ್ಕೆ ಸರಿಯಿದ್ದು ಮೂತಿಯಷ್ಟೇ ಸುಟ್ಟಿದ್ದರೆ, ಹಿಮ್ಮೆಟ್ಟುವ ಸೈನ್ಯವೇ ಸಿಡಿಸಿರಬಹುದು. ಬಾಲದ ಮೇಲೆ ಚೌಕಾಕಾರದ ತೂತಿದ್ದರೆ ಅದು ಗುಂಡಿನ ಏಟಲ್ಲ; ನೆನಪಿಗೆಂದು ಯಾರೋ ಸ್ವಸ್ತಿಕದ ತಗಡನ್ನು ಕತ್ತರಿಸಿಕೊಂಡು ಹೋಗಿದ್ದಾರೆ. ಒಂದೇ ವಿಮಾನದ ಎರಡು ಪಟಗಳಲ್ಲಿ ಯಾವುದು ಮೊದಲಿನದು, ಯಾವುದು ನಂತರದ್ದು ಎಂಬುದನ್ನು ಇಂಥ ತೂತುಗಳೇ ಹೇಳುತ್ತವೆ.

ಇಷ್ಟು ಆದ ಮೇಲೆ ಕಡತಕ್ಕೆ ಹೋಗುವುದು. ಜರ್ಮನ್ ವಾಯುಪಡೆ ತನ್ನ ನಷ್ಟವನ್ನು ತಾರೀಕು, ತುಕಡಿ, ಮಾದರಿ, ಕಾರ್ಖಾನೆ ಸಂಖ್ಯೆ, ಸ್ಥಳ, ಕಾರಣ ಸಹಿತ ಬರೆದಿಡುತ್ತಿತ್ತು. ಹಾನಿಯನ್ನು ಶೇಕಡಾ ಲೆಕ್ಕದಲ್ಲಿ ನಮೂದಿಸುತ್ತಿದ್ದರು: 10ಕ್ಕಿಂತ ಕಡಿಮೆಯಾದರೆ ತುಕಡಿಯಲ್ಲೇ ದುರಸ್ತಿ, 60 ದಾಟಿದರೆ ವಿಮಾನ ಲೆಕ್ಕದಿಂದ ಹೊರಗೆ, 100 ಎಂದರೆ ಪೂರ್ಣ ನಾಶ. ಯುದ್ಧದ ಕೊನೆಯಲ್ಲಿ ಬಹಳಷ್ಟು ಕಡತ ಸುಟ್ಟುಹೋದವು. ಉಳಿದವುಗಳಲ್ಲಿ ಒಂದು ಸಾಲು ಪಟಕ್ಕೆ ಹೊಂದಿದರೆ ಅದೇ ಸಾಲಿನಲ್ಲಿ ಇಬ್ಬರು ಮನುಷ್ಯರ ಹೆಸರೂ ಸಿಗಬಹುದು: ಸತ್ತರೋ, ಗಾಯಗೊಂಡರೋ, ಕಾಣೆಯಾದರೋ. ಈ ವಿದ್ಯೆಯ ಘನತೆ ಇರುವುದು ಇಲ್ಲಿ. ಅವರು ಯಾವ ಪಕ್ಷದವರೇ ಆಗಿರಲಿ, ಅವರಿಗೂ ಒಂದು ಮನೆ ಇತ್ತು.

ಬೆಂಗಳೂರಿನ ನಂಟು

ಜಖಂಗೊಂಡ ಯುದ್ಧವಿಮಾನದ ಜೊತೆ ಕರ್ನಾಟಕಕ್ಕೂ ಹಳೆಯ ನಂಟಿದೆ. ಯುದ್ಧ ಮುಗಿದ ಮೇಲೆ ಬ್ರಿಟಿಷರು ಕಾನಪುರದಲ್ಲಿ ಬಿಟ್ಟುಹೋದ ಲಿಬರೇಟರ್ ಬಾಂಬರುಗಳನ್ನು ಮತ್ತೆ ಹಾರದಂತೆ ಬೇಕೆಂದೇ ಕೆಡಿಸಿದ್ದರು. 1940ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿಯವರು ಅವನ್ನು ಹಾರುವ ಮಟ್ಟಕ್ಕೆ ತಂದರು. ಅದರ ಪೈಲಟ್ ಜಮ್ಷೆಡ್ ಮುನ್ಷಿ ಅವನ್ನು ಬೆಂಗಳೂರಿಗೆ ಹಾರಿಸಿ ತಂದರು. ದುರಸ್ತಿಯಾದ ಸುಮಾರು 40 ವಿಮಾನಗಳು ಭಾರತೀಯ ವಾಯುಪಡೆಯಲ್ಲಿ 1968ರವರೆಗೆ ದುಡಿದವು. ಅವುಗಳಲ್ಲಿ ಒಂದನ್ನು 1974ರಲ್ಲಿ ಭಾರತ ಬ್ರಿಟನ್ನಿಗೆ ಕೊಟ್ಟಿತು. ಭಾರತದಲ್ಲಿ ಅದರ ಸಂಖ್ಯೆ ಎಚ್‌ಇ807, ಮೊದಲಿನ ಬ್ರಿಟಿಷ್ ಸಂಖ್ಯೆ ಕೆಎನ್751. ಸ್ಟೂಕಾ ಇರುವ ರಾಯಲ್ ಏರ್ ಫೋರ್ಸ್ ವಸ್ತುಸಂಗ್ರಹಾಲಯದ ಸಂಗ್ರಹದಲ್ಲೇ ಅದೂ ಇದೆ. ಎರಡು ಸಂಖ್ಯೆಗಳನ್ನೂ ಬರೆದಿಟ್ಟವರಿದ್ದುದರಿಂದಲೇ ಅದರ ಪೂರ್ಣ ಚರಿತ್ರೆ ನಮಗೆ ಉಳಿಯಿತು.

ಪಟ ಗುರುತಿಸುವ ಈ ವಿದ್ಯೆಯ ಮೊದಲ ನಿಯಮ ಇದು: ಪಟ ಎಷ್ಟು ಹೇಳುತ್ತದೋ ಅಷ್ಟೇ ಹೇಳಬೇಕು. ಮಾದರಿ ಮಾತ್ರ ಗೊತ್ತಾದರೆ ಮಾದರಿ ಹೇಳಿ ನಿಲ್ಲಬೇಕು. ನಿಮ್ಮ ಮನೆಯಲ್ಲೂ ಯುದ್ಧಕಾಲದ ಪಟವಿದ್ದರೆ, ಸೈನಿಕನದಾಗಲಿ ಸತ್ಯಾಗ್ರಹಿಯದಾಗಲಿ, ಅಂಚು ಕತ್ತರಿಸಬೇಡಿ, ಲ್ಯಾಮಿನೇಟ್ ಮಾಡಿಸಬೇಡಿ, ಬಣ್ಣ ಹಾಕಿಸಬೇಡಿ. ಮುಂದೆ ಹಿಂದೆ ಎರಡೂ ಬದಿ ಸ್ಪಷ್ಟವಾಗಿ ಸ್ಕ್ಯಾನ್ ಮಾಡಿಸಿ. ಮನೆಯ ಹಿರಿಯರನ್ನು ಕೂರಿಸಿಕೊಂಡು ಯಾರು, ಎಲ್ಲಿ, ಯಾವಾಗ ಎಂದು ಕೇಳಿ ಬರೆದಿಡಿ. ಅವರು ಖಚಿತವಾಗಿ ಹೇಳಿದ್ದನ್ನೂ ಅಂದಾಜಿನಲ್ಲಿ ಹೇಳಿದ್ದನ್ನೂ ಬೇರೆಬೇರೆಯಾಗಿ ಬರೆಯಿರಿ. ಜರ್ಮನಿಯ ಒಂದು ಮುರಿದ ವಿಮಾನಕ್ಕೆ ಜಗತ್ತು ಇಷ್ಟು ಶ್ರಮಪಟ್ಟು ಹೆಸರು ಹುಡುಕುತ್ತಿರುವಾಗ, ನಮ್ಮವರ ಹೆಸರುಗಳನ್ನು ಉಳಿಸಿಕೊಳ್ಳುವ ಕೆಲಸವನ್ನು ನಾವೇ ಮಾಡಬೇಕು, ಈಗಲೇ ಮಾಡಬೇಕು.