ಬೇಲಿಯ ಸೆರೆಮನೆಯೂ ಕುಂದಾಪುರದ ದಾರಿಯೂ

ಶ್ರೀರಂಗಪಟ್ಟಣದ ಕೋಟೆಯೊಳಗೆ, ಕಾವೇರಿಯ ಮಗ್ಗುಲಲ್ಲಿ, ಕರ್ನಲ್ ಬೇಲಿಯ ಹೆಸರನ್ನು ಹೊತ್ತ ನೆಲಮಾಳಿಗೆಯ ಸೆರೆಮನೆಯೊಂದುಂಟು. ಅಲ್ಲಿ ಭೂತಸಂಚಾರವಿದೆಯೆಂಬ ಮಾತನ್ನು ಕೇಳಿಯೇ ಹಲವರು ಮೆಟ್ಟಿಲಿಳಿಯುತ್ತಾರೆ. ನಾವು ಕಂಡುದು ಸುಣ್ಣ ಬಳಿದ ಕಮಾನುಗಳು, ಕೈದಿಗಳ ತೋಳುಗಳಿಗೆ ಸರಪಳಿ ಬಿಗಿಯುತ್ತಿದ್ದರೆಂದು ತೋರಿಸುವ ರಂಧ್ರವುಳ್ಳ ಕಲ್ಲುಗಳು ಮತ್ತು 1799ರ ಮುತ್ತಿಗೆಯಲ್ಲಿ ಚಾವಣಿ ಮುರಿದು ಬಿದ್ದುದೆಂದು ಹೇಳುವ ಫಿರಂಗಿ.

ಬೇಲಿಯು 1780ರ ಪೊಲ್ಲಿಲೂರು ಕದನದಲ್ಲಿ ಸೆರೆಸಿಕ್ಕಿ 1782ರಲ್ಲಿ ಪಟ್ಟಣದಲ್ಲಿಯೇ ಮಡಿದನು. ನಮ್ಮ ಕರಾವಳಿಯ ವಿದ್ಯಾರ್ಥಿಗಳು ಗಮನಿಸಬೇಕಾದ ಕಥೆ ಅದರ ಮುಂದಿನದು. 1783ರಲ್ಲಿ ಕಂಪನಿಯ ಸೇನಾನಿ ಮ್ಯಾಥ್ಯೂಸನು ಕುಂದಾಪುರವನ್ನು ಹಿಡಿದು, ಹೊಸಂಗಡಿಯ ಘಟ್ಟವನ್ನೇರಿ ಬಿದನೂರನ್ನು ಸೇರಿದನು. ಕೋಟೆ ಕಾಳಗವಿಲ್ಲದೆ ಕೈಗೆ ಬಂದಿತು; ಕೆಲವೇ ತಿಂಗಳಲ್ಲಿ ಅಷ್ಟೇ ಬೇಗ ಟಿಪ್ಪುವಿನ ಪಾಲಾಯಿತು. ಶರಣಾದ ಮ್ಯಾಥ್ಯೂಸನನ್ನು ಶ್ರೀರಂಗಪಟ್ಟಣಕ್ಕೆ ಒಯ್ದರು. ಆ ವರ್ಷವೇ ಅವನು ಅಲ್ಲಿ ಸತ್ತನು. ವಿಷವಿಕ್ಕಿದರೆಂದು ಜೊತೆಯ ಸೆರೆಯಾಳುಗಳು ನಂಬಿದ್ದರು. ಅವನಿದ್ದುದು ಈ ಮಾಳಿಗೆಯಲ್ಲಿಯೇ ಎಂದು ನಾವು ಹೇಳೆವು. ಬದುಕುಳಿದ ಸೆರೆಯಾಳುಗಳಲ್ಲಿ ಅನೇಕರು 1784ರ ಮಂಗಳೂರು ಒಪ್ಪಂದದ ಬಳಿಕ ಬಿಡುಗಡೆ ಹೊಂದಿದರು.

ಬೈಂದೂರಿನಿಂದ ಬ್ರಹ್ಮಾವರದವರೆಗೆ ಭೂತವೆಂಬುದು ಬರಿಯ ಹೆದರಿಕೆಯಲ್ಲ. ಅದಕ್ಕೆ ಹೆಸರುಂಟು, ನೆಲೆಯುಂಟು, ಹುಟ್ಟಿನ ಕಥೆಯುಂಟು. ತನಗಾದ ಅನ್ಯಾಯವನ್ನು ಅದು ಜನರ ಮುಂದೆ ನುಡಿಯಬಲ್ಲುದು. ಈ ಸೆರೆಮನೆಯ ಭೂತಕ್ಕಾದರೋ ಹೆಸರೇ ಇಲ್ಲ. ಹೊರಗಿನ ಫಲಕದಲ್ಲಿ ಬೇರ್ಡ್ ಮೊದಲಾದ ಆಂಗ್ಲ ಅಧಿಕಾರಿಗಳ ಹೆಸರುಗಳನ್ನು ಓದಬಹುದು. ಅವರೊಡನೆ ಸೆರೆಸಿಕ್ಕ ನಾಡಸಿಪಾಯಿಗಳಲ್ಲಿ ಒಬ್ಬನ ಹೆಸರೂ ಅಲ್ಲಿಲ್ಲ.